ಹಳೇ ರೈಲನ್ನು ಮಾಡೆಲ್‌ನಲ್ಲಿ ಮತ್ತೆ ಕಟ್ಟುವುದು: ಬೋಗಿಗಿಂತ ಮೊದಲು ತಾರೀಖು

ಎಂಜಿನ್ ಒಂದು, ಬೋಗಿ ಆರು ತಂದು ಹಳಿ ಮೇಲೆ ಇಟ್ಟರೆ ರೈಲು ಓಡುತ್ತದೆ. ನೋಡೋಕೂ ಚೆನ್ನಾಗಿರುತ್ತದೆ. ಆದರೆ ಅದು ಯಾವ ರೈಲು, ಯಾವ ಕಾಲದ್ದು, ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಮಾಡೆಲ್ ರೈಲಿನ ಈ ಹವ್ಯಾಸಕ್ಕೆ ಬಿದ್ದವರಲ್ಲಿ ತುಂಬ ಜನ ಒಂದು ಹಂತಕ್ಕೆ ಬಂದ ಮೇಲೆ ಕೇಳುವ ಪ್ರಶ್ನೆ ಇದೇ. ನಿಜವಾಗಿ ಓಡಿದ್ದ ಒಂದು ರೈಲನ್ನು ಬೋಗಿಗೆ ಬೋಗಿ ಹೊಂದಿಸಿ ಮನೆಯಲ್ಲಿ ಮತ್ತೆ ಕಟ್ಟೋದು ಹೇಗೆ?

ನನ್ನ ಉತ್ತರ ಒಂದೇ. ಮೊದಲು ತಾರೀಖು ಗೊತ್ತು ಮಾಡಿಕೊಳ್ಳಿ, ಆಮೇಲೆ ಬೋಗಿ ಕೊಳ್ಳಿ.

ರೈಲಿನ ಹೆಸರು ಒಂದೇ ಇರುತ್ತದೆ, ಒಳಗಿನ ರೈಲು ಬದಲಾಗುತ್ತಾ ಹೋಗುತ್ತದೆ. ನಮ್ಮ ಡೆಕ್ಕನ್ ಕ್ವೀನ್ ತೆಗೆದುಕೊಳ್ಳಿ. 1930ರ ಜೂನ್ 1ರಂದು ಬಾಂಬೆ–ಪೂನಾ ನಡುವೆ ಶುರುವಾದಾಗ ಅದಕ್ಕೆ ಏಳೇಳು ಬೋಗಿಯ ಎರಡು ರೇಕ್ (ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲು) ಇದ್ದವು. ಒಂದಕ್ಕೆ ಬೆಳ್ಳಿ ಬಣ್ಣ, ಅದರ ಮೇಲೆ ಕಡುಗೆಂಪು ಪಟ್ಟಿ. ಇನ್ನೊಂದಕ್ಕೆ ರಾಯಲ್ ನೀಲಿ, ಮೇಲೆ ಚಿನ್ನದ ಗೆರೆ. 1966ರಲ್ಲಿ ಆ ಹಳೇ ಬೋಗಿಗಳು ಹೋಗಿ ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಉಕ್ಕಿನ ಬೋಗಿಗಳು ಬಂದವು, ಬೋಗಿಗಳ ಸಂಖ್ಯೆಯೂ 12ಕ್ಕೆ ಏರಿತು. "ನಾನು ಡೆಕ್ಕನ್ ಕ್ವೀನ್ ಮಾಡ್ತೀನಿ" ಅಂದರೆ ಸಾಲದು, ಅಲ್ವಾ? ಯಾವ ಡೆಕ್ಕನ್ ಕ್ವೀನ್ ಅಂತ ಹೇಳಬೇಕು. 1930ರದ್ದೋ, 1970ರದ್ದೋ? ಎರಡಕ್ಕೂ ಹೆಸರು ಬಿಟ್ಟರೆ ಒಂದು ಬೋಗಿಯೂ ಸಮ ಬರುವುದಿಲ್ಲ.

ಈ ವಿಷಯ ಪೂರ್ತಿ ಅರ್ಥವಾಗಬೇಕಾದರೆ ಒಂದೇ ರೈಲನ್ನು ಹಿಡಿದು ನೋಡುವುದು ಒಳ್ಳೆಯದು. ನಾನು ಅಮೆರಿಕದ ಕ್ಯಾಲಿಫೋರ್ನಿಯಾ ಜೆಫಿರ್ ಆರಿಸಿಕೊಳ್ಳುತ್ತೇನೆ. ಅದರ ದಾಖಲೆ ಚೆನ್ನಾಗಿದೆ, ಮಾಡೆಲ್ ಬೋಗಿಗಳು ಸಿಗುತ್ತವೆ, ಮತ್ತೆ ಅಷ್ಟು ಚೆಂದದ ರೈಲುಗಳು ಜಗತ್ತಿನಲ್ಲಿ ಕಡಿಮೆ. 1949ರ ಮಾರ್ಚ್ 20ರಂದು ಶುರುವಾಗಿ 1970ರ ಮಾರ್ಚ್‌ನಲ್ಲಿ ನಿಂತಿತು. ಷಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಓಕ್‌ಲ್ಯಾಂಡ್‌ವರೆಗೆ ಓಡುತ್ತಿತ್ತು. ಮೂರು ಕಂಪನಿಗಳು ಸೇರಿ ಅದನ್ನು ನಡೆಸುತ್ತಿದ್ದವು. ಷಿಕಾಗೋದಿಂದ ಡೆನ್ವರ್‌ವರೆಗೆ ಬರ್ಲಿಂಗ್ಟನ್, ಡೆನ್ವರ್‌ನಿಂದ ಸಾಲ್ಟ್ ಲೇಕ್ ಸಿಟಿಗೆ ರಿಯೋ ಗ್ರಾಂಡೆ, ಅಲ್ಲಿಂದ ಮುಂದಕ್ಕೆ ವೆಸ್ಟರ್ನ್ ಪೆಸಿಫಿಕ್. ಬೆಟ್ಟಗಳ ಕಣಿವೆ ಹಗಲಿನಲ್ಲೇ ಕಾಣುವ ಹಾಗೆ ವೇಳಾಪಟ್ಟಿ ಮಾಡಿದ್ದರು. ಅದನ್ನು ನೋಡೋಕೆ ಅಂತಲೇ ಒಂದೊಂದು ರೇಕ್‌ನಲ್ಲಿ ಐದು ಡೋಮ್ ಬೋಗಿ, ಅಂದರೆ ಚಾವಣಿ ಮೇಲೆ ಗಾಜಿನ ಗುಮ್ಮಟ ಇರುವ ಬೋಗಿ. ಜನ ಮೆಟ್ಟಿಲು ಹತ್ತಿ ಮೇಲೆ ಕೂತು ನಾಲ್ಕೂ ಕಡೆ ನೋಡಬಹುದಿತ್ತು. ಬೋಗಿಗಳನ್ನೆಲ್ಲ ಬಡ್ ಕಂಪನಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಕೊಟ್ಟಿತ್ತು. ಪ್ರತಿ ಬೋಗಿಗೂ 'ಸಿಲ್ವರ್' ಅಂತ ಶುರುವಾಗುವ ಹೆಸರು. ಊಟದ ಬೋಗಿಗಳಲ್ಲಿ ಸಿಲ್ವರ್ ಪ್ಲೇಟ್, ಸಿಲ್ವರ್ ಬ್ಯಾಂಕ್ವೆಟ್. ಕೊನೆಯ ಬೋಗಿಗಳಲ್ಲಿ ಸಿಲ್ವರ್ ಸ್ಕೈ, ಸಿಲ್ವರ್ ಪ್ಲಾನೆಟ್, ಸಿಲ್ವರ್ ಸೋಲಾರಿಯಂ. ಕೇಳುವುದಕ್ಕೇ ಎಷ್ಟು ಚೆನ್ನ!

ಈಗ ತಾರೀಖಿಗೆ ಬರೋಣ. 1949ರ ರೇಕ್ ಬೇರೆ, 1955ರದ್ದು ಬೇರೆ, 1965ರದ್ದು ಬೇರೆ. 1952ರಲ್ಲಿ ಆರು ಬೆಡ್‌ರೂಮ್, ಐದು ಕಂಪಾರ್ಟ್‌ಮೆಂಟ್ ಇರುವ ಹೊಸ ಸ್ಲೀಪರ್‌ಗಳು ಬಂದವು. ನೀವು 1949 ಅಂತ ಗೊತ್ತು ಮಾಡಿದರೆ ಆ ಬೋಗಿ ಕೊಳ್ಳುವ ಹಾಗಿಲ್ಲ. ಶುರುವಿನಿಂದ ಇದ್ದ ಇನ್ನೊಂದು ಬಗೆಯ ಸ್ಲೀಪರ್‌ನಲ್ಲಿ 16 ಸೆಕ್ಷನ್‌ಗಳಿದ್ದವು. ಹಗಲು ಎದುರುಬದುರು ಸೀಟು, ರಾತ್ರಿ ಮೇಲೊಂದು ಕೆಳಗೊಂದು ಬರ್ತ್, ಮುಂದೆ ಪರದೆ. ನಮ್ಮ ಸೆಕೆಂಡ್ ಎಸಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಬರುತ್ತಾ ಅಲ್ಲಿನ ಜನಕ್ಕೆ ಬಾಗಿಲು ಹಾಕಿಕೊಳ್ಳುವ ರೂಮೇ ಬೇಕಾಯಿತು. 1960ರ ದಶಕದ ಶುರುವಿನಲ್ಲಿ ಆ ಸೆಕ್ಷನ್ ಬೋಗಿಗಳನ್ನು ಸೀಟಿನ ಬೋಗಿಗಳಾಗಿ ಮಾಡಿಬಿಟ್ಟರು. ಹಾಗಾಗಿ 1965ರ ರೇಕ್‌ನಲ್ಲಿ 16 ಸೆಕ್ಷನ್‌ನ ಸ್ಲೀಪರ್ ಇಟ್ಟರೆ ಅದು ತಪ್ಪು.

ನನಗೆ 1955 ಇಷ್ಟ. ಹಳೇದೂ ಇದೆ, ಹೊಸದೂ ಬಂದಿದೆ. ಆ ಹೊತ್ತಿನ ಒಂದು ರೇಕ್ ಹೀಗೆ ಕೂಡುತ್ತದೆ: ಮುಂದೆ ಲಗೇಜ್ ಬೋಗಿ, ಅದರ ಹಿಂದೆ ಮೂರು ಡೋಮ್ ಸೀಟಿಂಗ್ ಬೋಗಿ, ಆಮೇಲೆ ಡೋಮ್ ಬಫೆ ಬೋಗಿ (ಸಿಬ್ಬಂದಿ ಮಲಗುವ ಜಾಗವೂ ಇದರಲ್ಲೇ), ಮುಂದಕ್ಕೆ ಊಟದ ಬೋಗಿ ಮತ್ತು ಸ್ಲೀಪರ್‌ಗಳು, ಕಟ್ಟಕಡೆಗೆ ಹಿಂಭಾಗ ದುಂಡಗಿರುವ ಡೋಮ್ ಅಬ್ಸರ್ವೇಶನ್ ಬೋಗಿ. ಒಟ್ಟು 11.

ಈ ಕ್ರಮದ ಹಿಂದೆ ಯೋಚನೆ ಇದೆ. ಎಂಜಿನ್ನಿಗೆ ಹತ್ತಿರ ಸದ್ದು ಜಾಸ್ತಿ, ಹಾಗಾಗಿ ಅಲ್ಲಿ ಲಗೇಜು. ಸೀಟಿನವರು ಮುಂದೆ, ರೂಮಿನವರು ಹಿಂದೆ, ಊಟದ ಬೋಗಿ ನಡುವೆ. ಎರಡೂ ಕಡೆಯವರು ಊಟಕ್ಕೆ ಬರುವಾಗ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಓಡಾಡಬೇಕಾಗುವುದಿಲ್ಲ. ನಮ್ಮ ರೈಲುಗಳಲ್ಲೂ ಪ್ಯಾಂಟ್ರಿ ಕಾರ್ ನಡುವೆ ಇರುವುದು ಇಂಥದ್ದೇ ಕಾರಣಕ್ಕೆ. ಇಷ್ಟು ತಿಳಿದರೆ ಯಾವ ದೇಶದ ಹಳೇ ರೇಕ್ ಆದರೂ ಅದರ ಪಟ್ಟಿ ಓದುವುದು ಸುಲಭ. ಯಾವುದೋ ಫೋಟೋದಲ್ಲಿ ಕ್ರಮ ಬೇರೆ ಥರ ಕಂಡರೆ ಅದಕ್ಕೂ ಒಂದು ಕಾರಣ ಇರುತ್ತದೆ, ಅದನ್ನು ಹುಡುಕುವುದರಲ್ಲೇ ಅರ್ಧ ಖುಷಿ.

ಇನ್ನು ಎಂಜಿನ್. ಬೋಗಿಗಳು ಷಿಕಾಗೋದಿಂದ ಓಕ್‌ಲ್ಯಾಂಡ್‌ವರೆಗೂ ಅವೇ, ಎಂಜಿನ್ ಮಾತ್ರ ಡೆನ್ವರ್‌ನಲ್ಲಿ ಒಮ್ಮೆ, ಸಾಲ್ಟ್ ಲೇಕ್‌ನಲ್ಲಿ ಒಮ್ಮೆ ಬದಲಾಗುತ್ತಿತ್ತು. ಬರ್ಲಿಂಗ್ಟನ್‌ನವರದ್ದು ಇ ಸರಣಿಯ ಬೆಳ್ಳಿ ಬಣ್ಣದ ಡೀಸೆಲ್. ರಿಯೋ ಗ್ರಾಂಡೆಯವರು ಎಫ್ ಯೂನಿಟ್, ಆಲ್ಕೋ ಪಿಎ ಅನ್ನುವ ಡೀಸೆಲ್‌ಗಳನ್ನು ಹಾಕುತ್ತಿದ್ದರು. ವೆಸ್ಟರ್ನ್ ಪೆಸಿಫಿಕ್‌ನವರದ್ದು ಕಿತ್ತಳೆ–ಬೆಳ್ಳಿ ಬಣ್ಣದ ಎಫ್3, ಎಫ್‌ಪಿ7. ಅಂದರೆ ನೀವು ಹಾಕುವ ಎಂಜಿನ್ನೇ ಆ ರೈಲು ಈಗ ಎಲ್ಲಿದೆ ಅಂತ ಹೇಳಿಬಿಡುತ್ತದೆ. ಕಿತ್ತಳೆ ಎಂಜಿನ್ ಹಾಕಿದರೆ ಕ್ಯಾಲಿಫೋರ್ನಿಯಾದ ಫೆದರ್ ನದಿಯ ಕಣಿವೆ. ಬೆಳ್ಳಿ ಎಂಜಿನ್ ಹಾಕಿದರೆ ನೆಬ್ರಾಸ್ಕಾದ ಬಯಲು. ತಾರೀಖಿನ ಜೊತೆಗೆ ಜಾಗವನ್ನೂ ಗೊತ್ತು ಮಾಡಿ ಅನ್ನುವುದು ಇದಕ್ಕೇ. ಒಂದೇ ರೇಕ್ ಇಟ್ಟುಕೊಂಡು ಮೂರು ಕಂಪನಿಯ ಎಂಜಿನ್ ಕೊಂಡರೆ ಮೂರು ಜಾಗದ ರೈಲು ಸಿಕ್ಕಿದ ಹಾಗೆ, ಆದರೆ ಅದು ಆಮೇಲಿನ ಮಾತು. ಒಂದರಿಂದ ಶುರು ಮಾಡಿ.

ಕೊಳ್ಳುವಾಗ ಬೋಗಿಯ ಮೈ ನೋಡಲು ಕಲಿಯಬೇಕು. ಹತ್ತು ರೂಮೆಟ್, ಆರು ಬೆಡ್‌ರೂಮ್ ಇರುವ ಸ್ಲೀಪರ್ ಒಂದನ್ನು ಕೈಯಲ್ಲಿ ಹಿಡಿದುಕೊಳ್ಳಿ. ರೂಮೆಟ್ ಅಂದರೆ ಒಬ್ಬರಿಗಷ್ಟೇ ಸಾಲುವ ಪುಟ್ಟ ರೂಮು. ರೂಮೆಟ್ ಇರುವ ಭಾಗದಲ್ಲಿ ನಡುವೆ ಓಣಿ, ಎರಡೂ ಪಕ್ಕ ಐದೈದು ರೂಮು, ಹಾಗಾಗಿ ಎರಡೂ ಕಡೆ ಚಿಕ್ಕ ಚಿಕ್ಕ ಕಿಟಕಿ. ಬೆಡ್‌ರೂಮ್ ಭಾಗಕ್ಕೆ ಬಂದ ಕೂಡಲೇ ಓಣಿ ಒಂದು ಪಕ್ಕಕ್ಕೆ ಸರಿಯುತ್ತದೆ. ಒಂದು ಕಡೆ ರೂಮಿನ ಕಿಟಕಿ, ಇನ್ನೊಂದು ಕಡೆ ಓಣಿಯ ಕಿಟಕಿ. ಹಾಗಾಗಿ ಒಂದೇ ಬೋಗಿಯ ಎಡಮೈ ಬಲಮೈ ಒಂದೇ ಥರ ಇರುವುದಿಲ್ಲ. ನಮ್ಮ ಫಸ್ಟ್ ಎಸಿ ಬೋಗಿಯನ್ನು ಪ್ಲಾಟ್‌ಫಾರಂ ಕಡೆಯಿಂದಲೂ ಆಚೆ ಕಡೆಯಿಂದಲೂ ನೋಡಿದರೆ ಇದೇ ಕಾಣುತ್ತದೆ. ಎರಡೂ ಪಕ್ಕಕ್ಕೆ ಒಂದೇ ಅಚ್ಚು ಹೊಡೆದ ಅಗ್ಗದ ಮಾಡೆಲ್ ಸಿಕ್ಕರೆ, ಅದು ಯಾವ ನಿಜ ಬೋಗಿಯೂ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಮುಂದೆ ಅಕ್ಷರಗಳು. ಬಡ್ ಕಂಪನಿ ಬೇಕಾದಷ್ಟು ರೈಲುಗಳಿಗೆ ಸ್ಟೀಲ್ ಬೋಗಿ ಮಾಡಿಕೊಟ್ಟಿದೆ, ದೂರದಿಂದ ಎಲ್ಲ ಒಂದೇ ಥರ ಕಾಣುತ್ತವೆ. ಕಿಟಕಿಯ ಮೇಲಿನ ಪಟ್ಟಿಯಲ್ಲಿ 'ಬರ್ಲಿಂಗ್ಟನ್' ಅಂತ ಇದ್ದರೆ ಅದು ಆ ಕಂಪನಿಯ ಬೇರೆ ರೈಲಿನ ಬೋಗಿ. ನಮ್ಮ ರೈಲಿನ ಬೋಗಿಗಳ ಮೇಲೆ 'ಕ್ಯಾಲಿಫೋರ್ನಿಯಾ ಜೆಫಿರ್' ಅಂತಲೇ ದೊಡ್ಡದಾಗಿ ಇರಬೇಕು, ಯಾವ ಕಂಪನಿಯ ಸ್ವತ್ತು ಅನ್ನುವುದು ತುದಿಯಲ್ಲಿ ಚಿಕ್ಕದಾಗಿ. ಮೂರು ಕಂಪನಿಯ ಬೋಗಿಗಳೂ ಬೆರೆತು ಓಡುತ್ತಿದ್ದವು, ಆದ್ದರಿಂದ ನಿಮ್ಮ ರೇಕ್‌ನಲ್ಲೂ ಬೆರೆಸಬಹುದು. ನ್ಯೂಯಾರ್ಕ್‌ನಿಂದ ಬಂದ ಸ್ಲೀಪರ್ ಕೂಡ ಷಿಕಾಗೋದಲ್ಲಿ ಸೇರಿಕೊಳ್ಳುತ್ತಿದ್ದ ಕಾಲ ಅದು. ಆ ಸೇವೆಗೆ ಅಂತ ಪೆನ್ಸಿಲ್ವೇನಿಯಾ ರೈಲ್‌ರೋಡ್ ಇಟ್ಟಿದ್ದ ಬೋಗಿಯ ಹೆಸರು ಸಿಲ್ವರ್ ರ್‍ಯಾಪಿಡ್ಸ್. ಆದರೆ ಒಂದೇ ಹೆಸರಿನ ಎರಡು ಬೋಗಿ ಒಂದೇ ರೇಕ್‌ನಲ್ಲಿ ಇರಬಾರದು. ಮೂರು ಡೋಮ್ ಬೋಗಿ ಬೇಕಾದರೆ ಮೂರು ಬೇರೆ ಬೇರೆ ಹೆಸರಿನದ್ದನ್ನೇ ಹುಡುಕಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಮರೆಯೋದು ಸುಲಭ.

ಅಳತೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ಬೆಂಗಳೂರಿನ ಮನೆಗಳಲ್ಲಿ ಎಲ್ಲ ನಿರ್ಧಾರವಾಗುವುದು ಇಲ್ಲೇ. ಜಾಸ್ತಿ ಬಳಕೆಯಲ್ಲಿರುವ ಎಚ್‌ಒ ಸ್ಕೇಲ್ ಅಂದರೆ 1:87, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲು. ಈ ರೈಲಿನ ಬೋಗಿ 85 ಅಡಿ ಉದ್ದ, ಎಚ್‌ಒದಲ್ಲಿ ಅದು ಸುಮಾರು 30 ಸೆಂ.ಮೀ. 11 ಬೋಗಿ, ಜೊತೆಗೆ ಮೂರು ಯೂನಿಟ್ ಎಂಜಿನ್ ಸೇರಿದರೆ ಹತ್ತಿರ ಹತ್ತಿರ 3.8 ಮೀಟರ್. ಹತ್ತಡಿ ಹನ್ನೆರಡಡಿಯ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ನಿಲ್ಲಿಸಿದರೂ ರೈಲು ಆಚೆ ಬರುತ್ತದೆ. ತಿರುವು ಇನ್ನೂ ಕಷ್ಟ. ಶುರುವಿನ ಸೆಟ್‌ಗಳಲ್ಲಿ ಬರುವ 18 ಇಂಚು ತ್ರಿಜ್ಯದ ಹಳಿಯಲ್ಲಿ ಇಷ್ಟು ಉದ್ದದ ಬೋಗಿ ಹಳಿ ತಪ್ಪುತ್ತದೆ, ಇಲ್ಲವೇ ಮೂಲೆ ಮೂಲೆ ತಾಗಿ ಸಿಕ್ಕಿಕೊಳ್ಳುತ್ತದೆ. ಕಡಿಮೆ ಅಂದರೂ 24 ಇಂಚು ಬೇಕು. ಕಣ್ಣಿಗೆ ಚೆನ್ನಾಗಿ ಕಾಣಬೇಕಾದರೆ 30 ಇಂಚಿಗೂ ಮೇಲೆ. 30 ಇಂಚಿನ ತ್ರಿಜ್ಯದಲ್ಲಿ ರೈಲು ಒಂದು ಸುತ್ತು ತಿರುಗಬೇಕಾದರೆ ಮೇಜಿನ ಅಗಲವೇ ಐದಡಿ ದಾಟುತ್ತದೆ.

ಅದೇ ಎನ್ ಸ್ಕೇಲ್‌ನಲ್ಲಿ, ಅಂದರೆ 1:160ರಲ್ಲಿ, ಬೋಗಿ 16 ಸೆಂ.ಮೀ.ಗೆ ಇಳಿಯುತ್ತದೆ. ಇಡೀ ರೈಲು ಏಳಡಿಯೊಳಗೆ ಮುಗಿಯುತ್ತದೆ. ಜಪಾನಿನ ಕೇಟೊ ಕಂಪನಿ ಈ ರೈಲನ್ನು ಎನ್ ಸ್ಕೇಲ್‌ನಲ್ಲಿ 11 ಬೋಗಿಯ ಸೆಟ್ಟಾಗಿಯೇ ತಂದಿದೆ. ಎಚ್‌ಒದಲ್ಲಿ ಬ್ರಾಡ್‌ವೇ ಲಿಮಿಟೆಡ್ ಕಂಪನಿ ಮಾಡಿದೆ. ಅಪಾರ್ಟ್‌ಮೆಂಟಿನಲ್ಲಿ ಇದ್ದು ಪೂರ್ತಿ ರೈಲು ಬೇಕು ಅನ್ನುವವರಿಗೆ ನಾನು ಹೇಳುವುದು ಎನ್ ಸ್ಕೇಲ್. ಬೋಗಿಯ ಒಳಗಿನ ಸೀಟು, ಪರದೆ, ದೀಪ ಎಲ್ಲ ಹತ್ತಿರದಿಂದ ನೋಡಬೇಕು, ಕೈಯಾರೆ ಕೆಲಸ ಮಾಡಬೇಕು ಅನ್ನುವವರಿಗೆ ಎಚ್‌ಒ.

ಎಚ್‌ಒ ಬೇಕು, ಜಾಗ ಇಲ್ಲ ಅನ್ನುವವರು ರೇಕ್ ಅನ್ನು ಚಿಕ್ಕದು ಮಾಡಬಹುದು. ಇದಕ್ಕೂ ಒಂದು ಲೆಕ್ಕ ಇದೆ. ಒಂದಕ್ಕಿಂತ ಹೆಚ್ಚು ಸಲ ಬರುವ ಬೋಗಿಗಳನ್ನು ಕಡಿಮೆ ಮಾಡಿ, ಒಂದೇ ಸಲ ಬರುವುದನ್ನು ಮುಟ್ಟಬೇಡಿ. ಲಗೇಜ್, ಎರಡು ಡೋಮ್ ಸೀಟಿಂಗ್, ಡೋಮ್ ಬಫೆ, ಊಟದ ಬೋಗಿ, ಒಂದು ಸ್ಲೀಪರ್, ಅಬ್ಸರ್ವೇಶನ್. ಏಳು ಬೋಗಿಯಲ್ಲಿ ನಾಲ್ಕು ಡೋಮ್ ಉಳಿಯಿತು. ನೋಡಿದ ತಕ್ಷಣ ಯಾವ ರೈಲು ಅಂತ ಗೊತ್ತಾಗುತ್ತದೆ. ಬೋಗಿಯನ್ನೇ ಗಿಡ್ಡ ಮಾಡುವ ಇನ್ನೊಂದು ದಾರಿಯೂ ಇದೆ. ಏಥರ್ನ್ ಕಂಪನಿಯ ಹಳೇ ಬೋಗಿಗಳು 85ರ ಬದಲು ಸುಮಾರು 72 ಅಡಿಯ ಲೆಕ್ಕಕ್ಕೆ ಇರುತ್ತಿದ್ದವು, ಬಿಗಿ ತಿರುವಿನಲ್ಲೂ ಓಡುತ್ತವೆ. ಆದರೆ ಅವನ್ನು ಪೂರ್ತಿ ಉದ್ದದ ಬೋಗಿಗಳ ಜೊತೆ ಬೆರೆಸಬೇಡಿ, ಪಕ್ಕಪಕ್ಕ ಇಟ್ಟರೆ ಎರಡೂ ಕೆಟ್ಟದಾಗಿ ಕಾಣುತ್ತವೆ. ಗಿಡ್ಡದಾದರೆ ಎಲ್ಲವೂ ಗಿಡ್ಡ, ಉದ್ದವಾದರೆ ಎಲ್ಲವೂ ಉದ್ದ.

ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಕಾಲದ ಮಾಡೆಲ್‌ಗಳನ್ನು ಸೇರಿಸಿದಾಗ ಇನ್ನೂ ಕೆಲವು ತೊಂದರೆ ಬರುತ್ತವೆ. ರಿವರೊಸ್ಸಿ ಕಂಪನಿಯ ಹಳೇ ಬೋಗಿಗಳ ಚಕ್ರದ ಅಂಚು ಆಳ ಜಾಸ್ತಿ, ಈಗಿನ ಗಿಡ್ಡ ಹಳಿಯಲ್ಲಿ ಅದು ಹಳಿಯ ಮೊಳೆಗಳಿಗೆ ತಾಗಿ ಟಕಟಕ ಅನ್ನುತ್ತದೆ. ಚಕ್ರ ಬದಲಾಯಿಸಿದರೆ ಮುಗಿಯಿತು. ಕಪ್ಲರ್‌ಗಳ (ಬೋಗಿಗೆ ಬೋಗಿ ಜೋಡಿಸುವ ಕೊಂಡಿಗಳ) ಎತ್ತರ ಒಂದಕ್ಕೊಂದು ಹೊಂದದಿದ್ದರೆ ಓಡುವಾಗ ಬೋಗಿ ಕಳಚಿಕೊಳ್ಳುತ್ತದೆ, ಕೇಡೀ (Kadee) ಕಂಪನಿಯ ಅಳತೆ ಗೇಜು ಒಂದು ಇಟ್ಟುಕೊಂಡರೆ ಸಾಕು. ತೂಕಕ್ಕೂ ಒಂದು ಲೆಕ್ಕ ಇದೆ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಹೇಳುವ ಪ್ರಕಾರ ಎಚ್‌ಒ ಬೋಗಿಗೆ ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಹನ್ನೆರಡು ಇಂಚಿನ ಬೋಗಿಗೆ ಏಳು ಔನ್ಸ್, ಅಂದರೆ ಸುಮಾರು 200 ಗ್ರಾಂ. ಹಗುರವಾದ ಬೋಗಿ ನಡುವೆ ಸಿಕ್ಕರೆ ತಿರುವಿನಲ್ಲಿ ಅದೇ ಮೊದಲು ಒಳಕ್ಕೆ ವಾಲಿ ಬೀಳುವುದು.

ದೀಪದ ಕೆಲಸವನ್ನು ಇಲ್ಲೇ ಮಾಡಿಕೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಎಲ್‌ಇಡಿ ಪಟ್ಟಿ, ಬ್ರಿಡ್ಜ್ ರೆಕ್ಟಿಫೈಯರ್, ಕೆಪಾಸಿಟರ್, ರೆಸಿಸ್ಟರ್ ಎಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ. ಚಕ್ರದಿಂದ ಕರೆಂಟು ತೆಗೆದುಕೊಂಡು ರೆಕ್ಟಿಫೈಯರ್ ಮೂಲಕ ಎಲ್‌ಇಡಿಗೆ ಕೊಡುತ್ತೀರಿ. ರೈಲು ಯಾವ ದಿಕ್ಕಿಗೆ ಓಡಿದರೂ ದೀಪ ಉರಿಯುವುದು ಈ ರೆಕ್ಟಿಫೈಯರ್ ಇರುವುದರಿಂದ. ಹಳಿ ಮೇಲೆ ಧೂಳಿದ್ದಾಗ ಕರೆಂಟು ಕ್ಷಣಕ್ಕೊಮ್ಮೆ ತಪ್ಪಿ ದೀಪ ಮಿಣುಕುತ್ತದೆ. ಆ ಕ್ಷಣಕ್ಕೆ ಕರೆಂಟು ಕೂಡಿಟ್ಟು ಕೊಡುವ ಕೆಲಸ ಕೆಪಾಸಿಟರ್‌ನದ್ದು. ಎಲ್‌ಇಡಿ ಮಾತ್ರ ವಾರ್ಮ್ ವೈಟ್ ತನ್ನಿ. 1955ರ ಬೋಗಿಯೊಳಗೆ ಟ್ಯೂಬ್‌ಲೈಟಿನ ನೀಲಿ ಬೆಳಕು ಬಿದ್ದರೆ ಊಟದ ಬೋಗಿ ಆಫೀಸಿನ ಥರ ಕಾಣುತ್ತದೆ.

ಹೊರಗಿನಿಂದ ತರಿಸುವ ಬೋಗಿಗಳಿಗೆ ಒಂದು ಮಾತು. ಕಸ್ಟಮ್ಸ್ ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ, ಸಾಗಾಟದ ಖರ್ಚು, ವಿಮೆ ಎಲ್ಲ ಸೇರಿಸಿ ಹಾಕುತ್ತಾರೆ. ಕೊಳ್ಳುವ ಮೊದಲೇ ಪೂರ್ತಿ ಲೆಕ್ಕ ಹಾಕಿಕೊಳ್ಳಿ. ಪಟ್ಟಿ ಕೈಯಲ್ಲಿದ್ದರೆ ಬೇಡದ ಬೋಗಿಗೆ ದುಡ್ಡು ಹೋಗುವುದಿಲ್ಲ. ಮೊದಲು ಸಿಗದೇ ಹೋಗುವಂಥದ್ದನ್ನು ಕೊಳ್ಳಿ: ಅಬ್ಸರ್ವೇಶನ್, ಡೋಮ್ ಬಫೆ, ಊಟದ ಬೋಗಿ. ಸೀಟಿನ ಬೋಗಿಗಳು ಆಮೇಲೂ ಸಿಗುತ್ತವೆ. ಮಾಡೆಲ್ ಕಂಪನಿಗಳು ಒಂದು ಸಲ ಒಂದಷ್ಟು ಮಾಡಿ ನಿಲ್ಲಿಸಿಬಿಡುತ್ತವೆ, ಮತ್ತೆ ಯಾವಾಗ ಮಾಡುತ್ತವೋ ಹೇಳೋಕಾಗಲ್ಲ.

ಇದನ್ನೆಲ್ಲ ಓದಿ "ನಮ್ಮ ರೈಲನ್ನೇ ಮಾಡಬಾರದಾ?" ಅಂತ ಕೇಳುವವರಿಗೆ: ಖಂಡಿತ ಮಾಡಬೇಕು. ರೀತಿ ಅದೇ, ಕಷ್ಟ ಮಾತ್ರ ಬೇರೆ. ಮೊದಲನೆಯದು ಹಳಿ. ಎಚ್‌ಒ ಹಳಿಯ ಅಗಲ 16.5 ಮಿ.ಮೀ., ಅದು ಅಮೆರಿಕ–ಯುರೋಪಿನ ಸ್ಟ್ಯಾಂಡರ್ಡ್ ಗೇಜಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಅಂದರೆ ಸರಿಯಾದ ಅಳತೆಯ ಐಸಿಎಫ್ ಬೋಗಿಯನ್ನು ಎಚ್‌ಒ ಹಳಿಯ ಮೇಲೆ ಇಟ್ಟರೆ ಎದುರಿನಿಂದ ನೋಡುವಾಗ ಕಾಲು ಕೂಡಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ಇದನ್ನು ಒಪ್ಪಿಕೊಂಡು ಮುಂದೆ ಹೋಗುವುದೇ ಒಳ್ಳೆಯದು, ಇಲ್ಲದಿದ್ದರೆ ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಎಲ್ಲ ಕೈಯಲ್ಲೇ ಮಾಡಿಕೊಳ್ಳಬೇಕಾಗುತ್ತದೆ.

ಮಜಾ ಅಂದರೆ ಮೀಟರ್ ಗೇಜಿನ ರೈಲಿಗೆ ಈ ತೊಂದರೆ ಇಲ್ಲ. ಎಚ್‌ಒ ಸ್ಕೇಲ್‌ನಲ್ಲೇ ಮೀಟರ್ ಗೇಜಿಗೆ ಅಂತ 12 ಮಿ.ಮೀ. ಹಳಿ ಸಿಗುತ್ತದೆ, ಯುರೋಪಿನವರು ತಮ್ಮ ಬೆಟ್ಟದ ರೈಲುಗಳಿಗೆ ಬಳಸುವಂಥದ್ದು. 1000ವನ್ನು 87ರಿಂದ ಭಾಗಿಸಿದರೆ 11.5, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬೆಂಗಳೂರು–ಮೈಸೂರು ದಾರಿ 1990ರ ದಶಕದವರೆಗೂ ಮೀಟರ್ ಗೇಜ್ ಆಗಿತ್ತು. ಬೋಗಿ ಮಾತ್ರ ನೀವೇ ಕಟ್ಟಬೇಕು: ಫೋಟೋ ನೋಡಿ ನಕ್ಷೆ ಬರೆದು, ಪ್ಲಾಸ್ಟಿಕ್ ಶೀಟನ್ನು ಲೇಸರ್‌ನಲ್ಲಿ ಕತ್ತರಿಸಿ, ಇಲ್ಲವೇ ತ್ರೀಡಿ ಪ್ರಿಂಟ್ ಮಾಡಿಸಿ.

ನಮ್ಮ ರೈಲುಗಳಿಗೂ ತಾರೀಖು ಮುಖ್ಯ. ಐಸಿಎಫ್ ಕಾರ್ಖಾನೆ 1955ರಲ್ಲಿ ಶುರುವಾಯಿತು, ಹಾಗಾಗಿ ಅದಕ್ಕಿಂತ ಹಿಂದಿನ ರೈಲಿಗೆ ಆ ಬೋಗಿ ಬರುವುದಿಲ್ಲ. ಈಗಿನ, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿ 23.5 ಮೀಟರ್, ಐಸಿಎಫ್ ಬೋಗಿ 21.3 ಮೀಟರ್. ಎಚ್‌ಒದಲ್ಲಿ ಎರಡರ ನಡುವೆ ಎರಡೂವರೆ ಸೆಂ.ಮೀ. ವ್ಯತ್ಯಾಸ. ಒಂದರ ಮೈಗೆ ಬಣ್ಣ ಬಳಿದು ಇನ್ನೊಂದು ಅಂತ ನಂಬಿಸೋಕಾಗಲ್ಲ. ಬಣ್ಣವೂ ಕಾಲ ಹೇಳುತ್ತದೆ: ಇಟ್ಟಿಗೆ ಕೆಂಪು ಮೊದಲು, ನೀಲಿ ಆಮೇಲೆ.

ದಾಖಲೆ ಎಲ್ಲಿ ಸಿಗುತ್ತದೆ? ಜೆಫಿರ್‌ನ ಕೆಲವು ಅಸಲಿ ಬೋಗಿಗಳು ಕ್ಯಾಲಿಫೋರ್ನಿಯಾದ ಪೋರ್ಟೋಲಾದಲ್ಲಿರುವ ವೆಸ್ಟರ್ನ್ ಪೆಸಿಫಿಕ್ ಮ್ಯೂಸಿಯಂನಲ್ಲಿವೆ. ಅಷ್ಟು ದೂರ ಬೇಡ ಅನ್ನುವವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಮಹಾರಾಣಿಯವರ ಸಲೂನ್ ಬೋಗಿ ಅಲ್ಲೇ ನಿಂತಿದೆ. ಫೋಟೋ ತೆಗೆಯುವಾಗ ಬೋಗಿಯ ಪಕ್ಕ ಅಳತೆ ಗೊತ್ತಿರುವ ಒಂದು ಕೋಲನ್ನು ನಿಲ್ಲಿಸಿ ನೇರ ಎದುರಿನಿಂದ ತೆಗೆಯಿರಿ, ಆಮೇಲೆ ಕಿಟಕಿ, ಬಾಗಿಲು ಎಲ್ಲದರ ಅಳತೆಯನ್ನೂ ಆ ಫೋಟೋದಿಂದಲೇ ತೆಗೆಯಬಹುದು. ಮನೆಯ ಹಳೇ ಆಲ್ಬಂಗಳನ್ನೂ ಬಿಡಬೇಡಿ. ಮದುವೆ ದಿಬ್ಬಣ ಹೊರಟಾಗ ಪ್ಲಾಟ್‌ಫಾರಂ ಮೇಲೆ ತೆಗೆದ ಗ್ರೂಪ್ ಫೋಟೋದಲ್ಲಿ ಜನರ ಹಿಂದೆ ಒಂದು ಬೋಗಿಯ ಕಿಟಕಿ, ಸರಳು, ನಂಬರು ಸ್ಪಷ್ಟವಾಗಿ ಇರುತ್ತದೆ. ಮದುವೆಯ ತಾರೀಖು ಹೇಗೂ ಮನೆಯವರಿಗೆ ಗೊತ್ತಿರುತ್ತದೆ.